ಕರೆಂಟ್ ಹೋದಾಗಿನ ಬಿಸಿಲು

ಚಿತ್ರ ನೋಡಿ ಅದರ ಒಳಗುಟ್ಟು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಏಷ್ಯಾ ಖಂಡದಲ್ಲೇ ಇಲ್ಲ. ನಿನ್ನೆ ತಮ್ಮನ ಮಗಳು ಫೋನಿನಲ್ಲಿ ನೂರು ವರ್ಷಕ್ಕೂ ಹಳೆಯದಾದ, ಹೊರದೇಶದ ಒಂದು ಜಗತ್ಪ್ರಸಿದ್ಧ ಚಿತ್ರ ತೋರಿಸಿದಳು. ನದಿಯ ದಡ, ರಜಾದಿನದ ಬಿಸಿಲು, ಕೊಡೆ ಹಿಡಿದ ಹೆಂಗಸರು. ಎಲ್ಲವೂ ಬಣ್ಣದ ಚುಕ್ಕೆಗಳಲ್ಲೇ ಬರೆದದ್ದು.

“ಎಷ್ಟು ಆರಾಮಾಗಿದ್ದಾರೆ ಅಲ್ವಾ ದೊಡ್ಡಪ್ಪ?”

ನನಗೆ ಕಂಡದ್ದು ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿ. ಕರೆಂಟ್ ಹೋದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಸುಮ್ಮನಾಗುತ್ತಿದ್ದವು. ಆಗಷ್ಟೇ ದೊಡ್ಡವರು ಬಿಸಿಲಿಗೆ ಬರುತ್ತಿದ್ದರು. ಅವ್ವ ಜಗಲಿಯಲ್ಲಿ ಕೂದಲು ಬಿಚ್ಚಿ ಒಣಗಿಸುತ್ತಿದ್ದಳು. ಅಪ್ಪ ಮಾತ್ರ ಗೋಡೆಗೆ ಒರಗದೆ, ಕಿವಿಯನ್ನು ಮಗ್ಗದ ಕಡೆಗಿಟ್ಟು ನೆಟ್ಟಗೆ ಕೂರುತ್ತಿದ್ದ.

“ಇವತ್ತೆಲ್ಲಾ ಕರೆಂಟ್ ಬರೋದೇ ಬ್ಯಾಡ ಕಣಪ್ಪಾ,” ಎಂದು ಒಮ್ಮೆ ಅವನ ತೊಡೆಯೇರಿದೆ.

“ಹಂಗನ್ಬ್ಯಾಡ ಮಗ. ಸೀರೆ ಮುಗೀದಿದ್ರೆ ಕೂಲಿ ಇಲ್ಲ,” ಎಂದು ಬೆನ್ನು ಸವರಿದ. ಆಮೇಲೆ ನಾನೂ ಅವನ ಜೊತೆ ಕಿವಿಗೊಟ್ಟು ಕೂತೆ.

ಈ ಚಿತ್ರದಲ್ಲಿ ಯಾರ ಮುಖದಲ್ಲೂ ನಗು ಕಾಣಲಿಲ್ಲ. ಹೆಚ್ಚಿನವರು ಅಪ್ಪನಂತೆಯೇ ನೆಟ್ಟಗೆ, ಏನನ್ನೋ ಕಾಯುವವರಂತೆ ಇದ್ದರು.

“ಇವ್ರ ಮಗ್ಗಕ್ಕೂ ಕರೆಂಟ್ ಹೋಗೈತೆ ಕಣಮ್ಮಾ. ಬೇಕಾದ್ರೆ ಪಂದ್ಯ ಕಟ್ತೀನಿ!”

“ಆ ಕಾಲದಲ್ಲಿ ಕರೆಂಟ್ ಮಗ್ಗನೇ ಇರ್ಲಿಲ್ಲ ದೊಡ್ಡಪ್ಪ. ತೆಗೀರಿ ದುಡ್ಡು!”

ಪಂದ್ಯದಲ್ಲಿ ನೂರು ರೂಪಾಯಿ ಹೋಯಿತು ಎಂದು ಮನೆಯಲ್ಲಿ ಹೇಳಿದ್ದೇನೆ. ಹೋದದ್ದು ಐನೂರು.