ಒಂಬತ್ತನೆಯ ದಿನದ ದದ್ದು

1956ರ ಡಿಸೆಂಬರ್. ಮುಂಡರಗಿ ಭಾಗದಲ್ಲಿ ನಾನು ವ್ಯಾಕ್ಸಿನೇಟರ್ ಆಗಿದ್ದೆ. ಜನರ ಮಾತಿನಲ್ಲಿ ‘ದೇವಿ ಹಾಕಾಂವ’. ಸಿಡುಬಿಗೆ ನಮ್ಮ ಕಡೆ ದೇವಿ, ಅಮ್ಮ ಎನ್ನುತ್ತಾರೆ. ಅದರ ಲಸಿಕೆಗೂ ಅದೇ ಹೆಸರು. ಏಕೀಕರಣವಾಗಿ ತಿಂಗಳಾಗಿತ್ತು. ನಾವು ಮೈಸೂರು ರಾಜ್ಯದವರಾಗಿದ್ದೆವು, ನನ್ನ ಚೀಲದ ರಿಜಿಸ್ಟರು ಮಾತ್ರ ಇನ್ನೂ ಮುಂಬೈ ಸರ್ಕಾರದ್ದು.

ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಸಿಡುಬು ಕಾಣಿಸಿಕೊಂಡಿದೆ ಎಂಬ ಖಬರು ಬಂತು. ಹೊಳೆಯ ಈಚೆಗಿರುವ ಹಿರೇವಡ್ಡಟ್ಟಿಗೆ ಹೋಗಿ ಒಂದು ಓಣಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿದೆ. ತೋಳಿಗೆ ಲಿಂಫ್, ಅಂದರೆ ಕರುವಿನಿಂದ ತೆಗೆದ ಲಸಿಕೆಯ ದ್ರವ, ಹಚ್ಚಿ ಚರ್ಮ ಗೀರುವ ಕೆಲಸ ಅದು. ನಾಲ್ಕು ವರ್ಷದ ಗಂಗವ್ವ ಅಳಲೂ ಇಲ್ಲ. “ಏನರ ಆಗತೈತೇನ್ರಿ?” ಎಂದು ಅವಳ ತಾಯಿ ನೀಲವ್ವ ಕೇಳಿದಳು.

“ಏನೂ ಆಗೂದಿಲ್ಲ ತಂಗೀ. ತೋಳಿಗೆ ಒಂದು ಗುಳ್ಳಿ ಏಳತೈತಿ, ಅಷ್ಟ.”

ಗುಳ್ಳೆ ಎದ್ದಿದೆಯೇ ಎಂದು ನೋಡಲು ಒಂಬತ್ತನೆಯ ದಿನ ಮತ್ತೆ ಹೋದೆ. ನೀಲವ್ವನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಗಂಗವ್ವ ಕಂಬಳಿಯ ಮೇಲೆ ಮಲಗಿದ್ದಳು. ತೋಳಿನ ಗುಳ್ಳೆ ಚೆನ್ನಾಗಿಯೇ ಎದ್ದಿತ್ತು. ಆದರೆ ಎದೆ, ಬೆನ್ನು, ತೊಡೆಯ ಮೇಲೆಲ್ಲ ಕೆಂಪು ದದ್ದು.

“ಅಮ್ಮನ್ನ ನೀವ ಮನಿಗೆ ಕರಕೊಂಡು ಬಂದ್ರಿ!” ಎಂದು ಅಜ್ಜಿ ಬಸವ್ವ ಚೀರಿದಳು.

ನನ್ನ ತಲೆ ಓಡದಾಯಿತು. ಲಸಿಕೆಯಿಂದ ಎದ್ದ ದದ್ದೋ? ಲಸಿಕೆಗೆ ಮೊದಲೇ ಸಿಡುಬು ತಗುಲಿತ್ತೋ? ಬರೀ ಪಿತ್ತದ ಗಂಧೆಯೋ? ಬೆರಳಿನಿಂದ ಒತ್ತಿದರೆ ಕೆಂಪು ಮಾಯವಾಗುತ್ತಿತ್ತು. ಸಿಡುಬಿನ ಗಟ್ಟಿ ಗುಳ್ಳೆ ಕೈಗೆ ಹತ್ತಲಿಲ್ಲ. ಆದರೆ ಸಿಡುಬೂ ಮೊದಲ ದಿನ ಚಪ್ಪಟೆ ಕಲೆಯಾಗಿಯೇ ಬರುತ್ತದೆ. ರಿಜಿಸ್ಟರು ತೆಗೆದರೆ ಅದರಲ್ಲಿ ಎರಡೇ ಕಾಲಂ: ಗುಳ್ಳೆ ಎದ್ದಿದೆ, ಎದ್ದಿಲ್ಲ. ದದ್ದಿಗೆ ಜಾಗವೇ ಇಲ್ಲ.

ನೀಲವ್ವ ನನ್ನ ಮುಖ ನೋಡುತ್ತಿದ್ದಳು. “ಖರೆ ಹೇಳ್ರಿ. ಇದು ದೇವಿ ಏನು?”

“ನನಗ ಗೊತ್ತಿಲ್ಲವ್ವ” ಎಂದೆ. ಹಾಗೆಂದದ್ದು ನೌಕರಿಯಲ್ಲಿ ಅದೇ ಮೊದಲು.

ಮಗುವಿನ ಹತ್ತಿರ ಯಾರನ್ನೂ ಬಿಡಬೇಡಿ ಎಂದು ಹೇಳಿ, ಸೈಕಲ್ ತುಳಿದು ಮುಂಡರಗಿಗೆ ಹೋದೆ. ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಬಹಳ ಹೊತ್ತು ನೋಡಿದರು. “ಲಸಿಕೆದ್ದ ಇರಬಹುದು. ಎರಡು ದಿನ ತಡೀರಿ.”

“ಇರಬಹುದೇನ್ರಿ ಸಾಹೇಬ್ರ?”

“ಇದಕ್ಕಿಂತ ಹೆಚ್ಚು ನನಗೂ ಹೇಳಾಕ ಬರೂದಿಲ್ಲ.”

ಅಷ್ಟರಲ್ಲಿ ಊರಿನ ಉಳಿದ ಓಣಿಗಳು ನನಗೆ ಬಾಗಿಲು ಮುಚ್ಚಿದ್ದವು. ಸಿಡುಬು ಹೊಳೆ ದಾಟಿದರೆ ಆ ಮಕ್ಕಳ ಗತಿ ಏನು? ಊರು ಬಿಡಲು ಮನಸ್ಸಾಗದೆ ಚಾವಡಿಯಲ್ಲಿ ಉಳಿದು, ದಿನಕ್ಕೆರಡು ಸಲ ಗಂಗವ್ವನನ್ನು ನೋಡಿ ಬಂದೆ.

ಮೂರನೆಯ ದಿನ ದದ್ದು ಗುಳ್ಳೆಯಾಗದೆ ಮಾಸಿತು. ಸಿಡುಬಂತೂ ಅಲ್ಲ. ಹುಡುಗಿ ಎದ್ದು ಕುಳಿತು ರೊಟ್ಟಿ, ಶೇಂಗಾ ಚಟ್ನಿ ಕೇಳಿದಳು. ಬಸವ್ವ ನನಗೂ ಒಂದು ರೊಟ್ಟಿ ಕೊಟ್ಟಳು. ನೀಲವ್ವ ನನ್ನ ಜತೆ ಪಕ್ಕದ ಓಣಿಗೆ ಬಂದು, “ನಮ್ಮ ಹುಡುಗೀಗೆ ಗಂಧಿ ಎದ್ದಿದ್ದು ಖರೆ, ಹೋಗಿದ್ದೂ ಖರೆ. ಇವರು ಓಡಿಹೋಗಲಿಲ್ಲ” ಎಂದಳು. ಕೆಲವು ಬಾಗಿಲು ತೆರೆದವು.

ಆ ದದ್ದು ಲಸಿಕೆಯದೇ ಎಂದು ಇಂದಿಗೂ ಆಣೆ ಮಾಡಿ ಹೇಳಲಾರೆ. ಆದರೆ ಅಂದಿನಿಂದ ಜ್ವರ ಬರಬಹುದು, ತುರಿಕೆ ಆಗಬಹುದು, ಅಪರೂಪಕ್ಕೆ ದದ್ದೂ ಏಳಬಹುದು, ಎದ್ದರೆ ಹೇಳಿ ಕಳಿಸಿ ಎಂದು ಮೊದಲೇ ಹೇಳತೊಡಗಿದೆ. ಕೇಳಿ ಹೆದರಿ ಎದ್ದುಹೋದವರೂ ಇದ್ದರು. ಅವರ ಮನೆಗೆ ಮರುದಿನ ನಾನೇ ಹೋಗಿ ಕುಳಿತು, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದೆ. ಅದೂ ಲಸಿಕೆ ಹಾಕುವ ಕೆಲಸವೇ ಎಂದು ನನಗೆ ಹಿರೇವಡ್ಡಟ್ಟಿಯಲ್ಲಿ ತಿಳಿಯಿತು.