ಎಂಟು ಜಿಬಿ ಪೆಟ್ಟಿಯಲ್ಲಿ ಚಿಕ್ಕಮ್ಮನ ಕೂಗು

ಹೋದ ತಿಂಗಳು ಒಂದು ಭಾನುವಾರ ಪೂರ್ತಿ ನಾನು ಕಾಡುಹಂದಿಗಳಿಗೆ ಹಾಡು ಆರಿಸುತ್ತಾ ಕೂತಿದ್ದೆ.

ನಗಬೇಡಿ. ಮನುಷ್ಯರಿಗೆ ಇಷ್ಟವಾಗುವ ಹಾಡು ಯಾವುದೆಂದು ಯಾರು ಬೇಕಾದರೂ ಹೇಳುತ್ತಾರೆ. ಹಂದಿಗಳಿಗೆ ಇಷ್ಟವಾಗದ ಹಾಡು ಯಾವುದೆಂದು ಯಾರನ್ನು ಕೇಳುವುದು?

ವಿಷಯ ಇಷ್ಟು. ಹೊಸೂರಿನಿಂದ ಅಂಚೆಟ್ಟಿ ದಾಟಿ ಕಾಡಿನ ಕಡೆಗೆ ಹೋದರೆ ನಾಟ್ರಾಂಪಾಳ್ಯ. ಅಲ್ಲಿ ನಮ್ಮ ಚಿಕ್ಕಪ್ಪ ಮಾದಪ್ಪ, ಚಿಕ್ಕಮ್ಮ ಕೆಂಪಮ್ಮ ಕಡಲೆಕಾಯಿ ಬೆಳೆಯುತ್ತಾರೆ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಹಂದಿಗಳು ಹಾಜರು. ಇಷ್ಟು ವರ್ಷ ಅವನ್ನು ಓಡಿಸುತ್ತಿದ್ದದ್ದು ಚಿಕ್ಕಮ್ಮನ ಗಂಟಲು. ಹೊಲದ ಅಟ್ಟಣೆ ಮೇಲೆ ನಿಂತು ಆಕೆ ಒಂದು ಕೂಗು ಹಾಕಿದರೆ ಹಂದಿ ಹಾಗಿರಲಿ, ಪಕ್ಕದ ಹೊಲದವರೂ ಎದ್ದು ಕೂರುತ್ತಿದ್ದರು. (ಚಿಕ್ಕಪ್ಪ ಮಾತ್ರ ಬಹಳ ಮೆದು ಮಾತಿನ ಆಸಾಮಿ. ಹುಟ್ಟಿನಿಂದಲೇ ಹಾಗೋ, ಮದುವೆಯಾದ ಮೇಲೆ ಹಾಗಾದರೋ, ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ.)

ಈ ಸಲ ಚಿಕ್ಕಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೀವಕ್ಕೇನೂ ಭಯವಿಲ್ಲ ಎಂದರು. ಆದರೆ ದನಿಯೂ ಗಡ್ಡೆಯ ಜೊತೆಗೇ ಹೋಯಿತು. ಈಗ ಬರೀ ಪಿಸುಮಾತು. ದನಿ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಹೀಗಾಗಿ ಚಿಕ್ಕಪ್ಪ ಹೊಸೂರಿನ ಮೂಕಂಡಪಲ್ಲಿಯ ನಮ್ಮ ಮನೆಗೆ ಬಂದರು.

"ಹಾಡ್ ಹಾಡೋ ಪೆಟ್ಟಿ ಒಂದು ಕೊಡ್ಸ್ಲಾ. ಹೊಲ್ದಾಗೆ ಇಡ್ಬೇಕು."

"ರೇಡಿಯೋ ಸಾಲ್ದಾ ಚಿಕ್ಕಪ್ಪ?"

"ನಮ್ ಕಡೆ ಅದು ಬರೀ ಗೊರ್ರ್ ಅಂತದೆ. ಒಂದೇ ಹಾಡು ಹಾಕುದ್ರೂ ಆಗಲ್ಲ. ನಾಕ್ ದಿನ ಕೇಳುದ್ರೆ ಹಂದಿಗೂ ಬಾಯಿಪಾಠ ಆಗೋಯ್ತದೆ. ದಿನಾ ಬ್ಯಾರೆ ಬ್ಯಾರೆ ಇರ್ಬೇಕು ಕಣ್ಲಾ."

ಹೊರಡುವಾಗ ಅಂಗಿ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಕೊಟ್ಟರು. ಒಳಗೆ ಉಗುರಿನಷ್ಟು ಮೆಮೊರಿ ಕಾರ್ಡ್. "ಇದ್ರಾಗಿರೋದ್ನೂ ಹಾಕ್ಬುಡು" ಎಂದರು. ಏನಿದೆ ಎಂದು ಕೇಳಿದರೆ "ಏನೋ ಒಸಿ ಐತೆ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಸ್ಪೀಕರ್ ಇರುವ ಕೈಗಾತ್ರದ ಪ್ಲೇಯರ್ ಸಿಕ್ಕಿತು. ಡಬ್ಬದ ಮೇಲೆ ಹೆಸರಿಗಿಂತ ದೊಡ್ಡದಾಗಿ '8 GB' ಎಂದು ಬರೆದಿತ್ತು. ಸಾವಿರಾರು ಹಾಡು ಹಿಡಿಯುತ್ತದಂತೆ. ಮನೆಗೆ ತಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ತೋರಿಸಿದ್ದು ಏಳು ಚಿಲ್ಲರೆ ಜಿಬಿ. ಅದರಲ್ಲೂ ಒಂದಿಷ್ಟು ಜಾಗವನ್ನು ಪ್ಲೇಯರ್ ತನಗೇ ಅಂತ ಇಟ್ಟುಕೊಂಡಿತ್ತು. ಮಿಕ್ಕಿದ್ದರಲ್ಲಿ ನಾವು ಸಂಸಾರ ಮಾಡಬೇಕು.

ನಾನು ಸುಮ್ಮನಿರುವವನೇ? ಡಬ್ಬದ ಸಮೇತ ಅಂಗಡಿಗೆ ವಾಪಸ್ ಹೋದೆ.

"ಸಾರ್, ಅದು ಅಪ್ಪಡಿದಾನ್, ಹಾಗೇನೇ" ಎಂದ ಅಂಗಡಿಯವನು, ಬೇರೆ ಗಿರಾಕಿಗೆ ಚಾರ್ಜರ್ ಕೊಡುತ್ತಾ. "ಕಂಪನಿ ಲೆಕ್ಕ ಬೇರೆ, ಕಂಪ್ಯೂಟರ್ ಲೆಕ್ಕ ಬೇರೆ."

"ಹಾಗಾದ್ರೆ ಗಿರಾಕಿ ಲೆಕ್ಕ?"

"ಅದನ್ನ ಯಾರೂ ಕೇಳಲ್ಲ ಸಾರ್."

ಆಮೇಲೆ ಓದಿ ತಿಳಿದುಕೊಂಡೆ. ಕಂಪನಿಯವರು ಸಾವಿರಕ್ಕೆ ಸಾವಿರವೇ ಎಂದು ಎಣಿಸುತ್ತಾರೆ. ಕಂಪ್ಯೂಟರ್ ಸಾವಿರದ ಇಪ್ಪತ್ತನಾಲ್ಕಾದರೆ ಮಾತ್ರ ಕೆಬಿಯಿಂದ ಎಂಬಿಗೆ, ಎಂಬಿಯಿಂದ ಜಿಬಿಗೆ ಎಂದು ಮುಂದಿನ ಮೆಟ್ಟಿಲು ಹತ್ತುತ್ತದೆ. ಮೆಟ್ಟಿಲು ಹತ್ತಿದಷ್ಟೂ ವ್ಯತ್ಯಾಸ ಬೆಳೆಯುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ನಮಗೆ ಕಡಿಮೆ ಬಂದಿದೆ. ಇಂಥ ಪ್ರಾಮಾಣಿಕ ಮೋಸವನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

"ಯಾಕೆ ಕಂಡಿಲ್ಲ? ಅದ್ರೊಳಗೇ ಕೂತಿದ್ದೀವಲ್ಲ" ಎಂದಳು ನನ್ನ ಹೆಂಡತಿ ಸುಮ. ನಮ್ಮ ಫ್ಲ್ಯಾಟಿನ ಬ್ರೋಷರಿನಲ್ಲಿ ಎರಡು ಬೆಡ್‌ರೂಮು. ಎರಡನೆಯದರಲ್ಲಿ ಮಂಚ ಹಾಕಿದರೆ ಬಾಗಿಲು ತೆಗೆಯಲು ಬರುವುದಿಲ್ಲ. ಬಾಗಲೂರಿನ ಕಡೆ ಹೋಗಿ ನೋಡಿ, ಹೊಸ ಲೇಔಟಿನ ಬೋರ್ಡುಗಳೆಲ್ಲ 'ಬೆಂಗಳೂರಿಗೆ ಇಪ್ಪತ್ತೇ ನಿಮಿಷ' ಎನ್ನುತ್ತವೆ. ಹೌದು, ರಸ್ತೆಯಲ್ಲಿ ನೀವೊಬ್ಬರೇ ಇದ್ದರೆ. ಚಿಪ್ಸ್ ಪ್ಯಾಕೆಟ್ಟಿನ ಮಾತು ಬೇಡ, ಅದರಲ್ಲಿ ಗಾಳಿಯಾದರೂ ಪೂರ್ತಿ ಇರುತ್ತದೆ.

ಇರಲಿ. ಹಾಡು ತುಂಬಿಸಲು ಕೂತೆ. ಕನ್ನಡ, ತಮಿಳು, ತೆಲುಗು ಮೂರೂ ಇರಲಿ ಎಂದುಕೊಂಡೆ. ನಮ್ಮ ಕಡೆಯ ಮನುಷ್ಯರಿಗೆ ಮೂರೂ ಬರುವಾಗ ಹಂದಿಗೆ ಬರದೆ ಇರುತ್ತದೆಯೇ? ತಮಿಳಿನ ಪಟ್ಟಿಮಂಡ್ರಂ ಚರ್ಚೆಗಳನ್ನು ಧಾರಾಳವಾಗಿ ಹಾಕಿದೆ. ಅಷ್ಟು ಜನ ಒಟ್ಟಿಗೆ ವಾದ ಮಾಡುವ ಹೊಲಕ್ಕೆ ಯಾವ ಪ್ರಾಣಿ ಕಾಲಿಡುತ್ತದೆ? ಹರಿಕಥೆ ಹಾಕಿದೆ. ನಾದಸ್ವರ ಹಾಕಿದೆ. ಚಿಕ್ಕಪ್ಪನ ಕಾರ್ಡು ಕೊನೆಗಿರಲಿ ಎಂದು ಪಕ್ಕದಲ್ಲಿಟ್ಟಿದ್ದೆ. ಅದರ ಸರದಿ ಬರುವ ಹೊತ್ತಿಗೆ ಕಂಪ್ಯೂಟರ್ ಕೈ ಎತ್ತಿತು. ಜಾಗವಿಲ್ಲ.

ಕಾರ್ಡಿನಲ್ಲಿದ್ದದ್ದು ಒಂದೇ ರೆಕಾರ್ಡಿಂಗ್. ಶುರುವಿನಲ್ಲಿ ಬರೀ ಗಾಳಿಯ ಸದ್ದು, ಎಲ್ಲೋ ಒಂದು ಮೇಕೆ. ಚಿಕ್ಕಪ್ಪನಿಗೇ ಫೋನ್ ಮಾಡಿದೆ.

"ಚಿಕ್ಕಪ್ಪ, ಪೆಟ್ಟಿ ತುಂಬೋಯ್ತು. ನಿಮ್ಮ ಕಾರ್ಡಲ್ಲಿರೋದು ಬಿಡಲಾ? ಬರೀ ಗಾಳಿ ಸದ್ದು ಇದೆ."

"ಬ್ಯಾರೆ ಏನಾದ್ರೂ ಬಿಡು. ಹಾಡೆಲ್ಲ ಬಿಟ್ಟಾಕುದ್ರೂ ಸೈ. ಅದೊಂದ್ ಬಿಡ್ಬ್ಯಾಡ ಕಣಪ್ಪ."

ನನಗೆ ಯಾವಾಗಲೂ 'ಲಾ' ಎನ್ನುವ ಮನುಷ್ಯ 'ಅಪ್ಪ' ಎಂದದ್ದು ಕೇಳಿ, ಆ ರೆಕಾರ್ಡಿಂಗನ್ನು ಮತ್ತೆ ಹಾಕಿ ಪೂರ್ತಿ ಕೇಳಿದೆ. ಗಾಳಿ. ಮೇಕೆ. ಆಮೇಲೆ ಚಿಕ್ಕಮ್ಮನ ದನಿ, ಮೊದಲಿನ ಆ ದೊಡ್ಡ ದನಿ.

"ಅದೇನು ಫೋನ್ನ ಹಂಗ್ ಹಿಡ್ಕೊಂಡಿದ್ದೀಯ ನನ್ ಮಕದ್ ಮುಂದೆ?"

"ಹಂದಿಗೆ ಕಣೆ. ನೀನು ಆಸ್ಪತ್ರೆಗೆ ಹೋದ್ರೆ ಹೊಲ ಕಾಯೋರ್ಯಾರು? ಒಸಿ ಕೂಗು."

ಚಿಕ್ಕಮ್ಮ ಕೂಗಿದಳು. ನಮ್ಮ ಸ್ಪೀಕರ್ ಒದರಿತು. ಕೂಗಿ ಮುಗಿದ ಮೇಲೂ ಚಿಕ್ಕಪ್ಪ ರೆಕಾರ್ಡಿಂಗ್ ನಿಲ್ಲಿಸಿಲ್ಲ. ಚಿಕ್ಕಮ್ಮ ಮೇಕೆಯನ್ನು ಬೈಯುತ್ತಾಳೆ. ಕಳೆ ಕೀಳುತ್ತಾ ಏನೋ ಹಳೆಯ ಪದ ಗುನುಗುತ್ತಾಳೆ. "ಬಾ ಉಣ್ಣಾಕೆ, ಮುದ್ದೆ ಆರೋಯ್ತದೆ" ಎಂದು ಕರೆಯುತ್ತಾಳೆ.

ಅಡುಗೆಮನೆಯಿಂದ ಸುಮ ಈರುಳ್ಳಿ ಹಿಡಿದುಕೊಂಡೇ ಬಂದು ನಿಂತಿದ್ದಳು. "ಮುದ್ದೆಗೆ ಕರೆದ್ರೆ ಹಂದಿ ಓಡ್ತದಾ ರೀ?" ಎಂದಳು. ಕಣ್ಣು ಒರೆಸಿಕೊಂಡಳು. (ಈರುಳ್ಳಿ, ಅಂತ ಅವಳೇ ಹೇಳಿದಳು.) ನಾನು ಒಂದು ಪಟ್ಟಿಮಂಡ್ರಂ ಅಳಿಸಿ ಜಾಗ ಮಾಡಿದೆ.

ಮುಂದಿನ ಭಾನುವಾರ ಪ್ಲೇಯರ್ ತೆಗೆದುಕೊಂಡು ನಾಟ್ರಾಂಪಾಳ್ಯಕ್ಕೆ ಹೋದೆವು. ಜಗಲಿ ಮೇಲೆ ಕೂತು ಮೊದಲು ಅದೇ ರೆಕಾರ್ಡಿಂಗ್ ಹಾಕಿದೆ. ಚಿಕ್ಕಮ್ಮ ತನ್ನ ಕೂಗನ್ನು ತಾನೇ ಕೇಳಿ ಬೆಚ್ಚಿದಳು. ಆಮೇಲೆ ಗಂಡನ ಕಡೆ ತಿರುಗಿ ಪಿಸುದನಿಯಲ್ಲಿ ಕೇಳಿದಳು:

"ನಾನು ಇಷ್ಟು ಕಿರುಚ್ತಿದ್ನಾ? ಹೆಂಗ್ ಬಾಳಾಟ ಮಾಡ್ದೆ ನನ್ ಜತೆ?"

"ಹಂದಿಗಳು ಓಡೋದ್ವು" ಎಂದರು ಚಿಕ್ಕಪ್ಪ. "ನಾನ್ ಓಡ್ಲಿಲ್ಲ."

ಚಿಕ್ಕಮ್ಮ ನಕ್ಕಳು. ನಗುವಿಗೂ ಸದ್ದಿರಲಿಲ್ಲ. ಆದರೆ ರೆಕಾರ್ಡಿಂಗ್ ಮುಗಿದ ಕೂಡಲೇ ತಾನೇ ಕೈ ಚಾಚಿ ಗುಂಡಿ ಒತ್ತಿ ಮತ್ತೊಮ್ಮೆ ಹಾಕಿದಳು. ಹಳೆಯ ಪದ ಬಂದಾಗ ಬರೀ ತುಟಿ ಆಡಿಸಿದಳು.

ಕಡಲೆಕಾಯಿ ಕಿತ್ತು ಮುಗಿಯಿತು ಎಂದು ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಹಂದಿಗಳು ತಮ್ಮ ಪಾಲು ತಿಂದಿವೆ, ಆದರೂ ಬೆಳೆ ಮೋಸವಿಲ್ಲ.

"ಯಾವ ಹಾಡಿಗೆ ಜಾಸ್ತಿ ಹೆದರ್ತಿದ್ವು ಚಿಕ್ಕಪ್ಪ?" ಎಂದೆ. ಎಷ್ಟಾದರೂ ನನ್ನ ಒಂದು ಭಾನುವಾರದ ದುಡಿಮೆ.

"ಎಲ್ಲಿ ಹಾಡು? ಪೆಟ್ಟಿ ಹೊಲಕ್ಕೆ ತಕೊಂಡೇ ಹೋಗ್ಲಿಲ್ಲ. ಮಂಜು ಬಿದ್ರೆ ಕೆಡ್ತದೆ ಅಂತ ಮನೆಯಾಗೇ ಮಡಗಿವ್ನಿ. ಹೊಲ್ದಾಗೆ ನಾನೇ ತಗಡು ಬಡ್ಕೊಂಡು ಕೂತಿದ್ದೆ."

"ಮತ್ತೆ ಅಷ್ಟೊಂದು ಹಾಡು ತುಂಬಿಸಿಕೊಟ್ಟೆನಲ್ಲ?"

"ಅದಾ?" ಎಂದರು ಚಿಕ್ಕಪ್ಪ. "ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ. ಅಷ್ಟು ಹಾಡಿನ್ ಮಧ್ಯೆ ಅವ್ಳುದ್ ಹುಡ್ಕೋದು ಕಷ್ಟ ಆಗ್ತಿತ್ತು. ಒತ್ತಿ ಒತ್ತಿ ಬೆರಳು ನೋವು ಬಂದ್ಬುಡ್ತು. ಅದುಕ್ಕೇ ಅಂಚೆಟ್ಟಿ ಅಂಗ್ಡೀಲಿ ಕೊಟ್ಟು ಮಿಕ್ಕಿದ್ದೆಲ್ಲ ಅಳ್ಸಾಕುಸ್ಬುಟ್ಟೆ."

ಈಗ ಆ ಪೆಟ್ಟಿಯಲ್ಲಿ ಒಂದೇ ಒಂದು ದನಿಯಿದೆ, ಉಳಿದದ್ದೆಲ್ಲ ಖಾಲಿ. ಜಾಗ ಕಡಿಮೆಯಿದೆ ಎಂದು ನಾನು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿದ್ದೆನಲ್ಲ, ಯಾರಿಗೆ ಕಡಿಮೆಯಾಗಿತ್ತು?