ತೊಳೆದ ರಕ್ತದ ಆರು ತಿಂಗಳು

ಆ ಬಡಾವಣೆಯಲ್ಲಿ ಅವಳ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ದೊಡ್ಡವರಿಗೂ ಚಿಕ್ಕವರಿಗೂ ಅವಳು ಸೂಜಿ ಅಕ್ಕ. ನೀಲಿ ಲಸಿಕೆ ಡಬ್ಬಿ ಹೆಗಲಿಗೇರಿಸಿಕೊಂಡು ಬೀದಿ ತಿರುವಿನಲ್ಲಿ ಕಂಡರೆ ಸಾಕು, ಆಡುತ್ತಿದ್ದ ಮಕ್ಕಳು ಕಾಲಿಗೆ ಬುದ್ಧಿ ಹೇಳುತ್ತಿದ್ದವು. ಹದಿನಾಲ್ಕು ವರ್ಷದಿಂದ ಆರೋಗ್ಯ ಕೇಂದ್ರದಲ್ಲಿ ನರ್ಸು. ಮಗು ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸೂಜಿ ಹೊರಗೆ ಬಂದಾಗಿರುತ್ತಿತ್ತು, ಕೈ ಅಷ್ಟು ಚುರುಕು.

ಅವಳ ಮಗಳು ಚಿಟ್ಟಿಗೆ ಏಳು ವರ್ಷ. ಆರು ತಿಂಗಳ ಕೂಸಾಗಿದ್ದಾಗಲೇ ಥಲಸ್ಸೇಮಿಯಾ ಎಂದು ಗೊತ್ತಾಗಿತ್ತು. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಕಾಯಿಲೆ. ಅಂದಿನಿಂದ ಮೂರು ವಾರಕ್ಕೊಮ್ಮೆ ಬೇರೆ ಯಾರದೋ ರಕ್ತ ಏರಿಸಬೇಕು. ಮೂರನೇ ವಾರ ಮುಗಿಯುವ ಹೊತ್ತಿಗೆ ತುಟಿ ಬಿಳಿಚಿ, ನಾಲ್ಕು ಮೆಟ್ಟಿಲಿಗೇ ಏದುಸಿರು. ರಕ್ತ ಏರಿದ ಮರುದಿನ ಮಾತ್ರ ಹಿಡಿಯುವವರಿಲ್ಲ.

ಒಂದು ಸೋಮವಾರ ಚಿಟ್ಟಿಯ ಶಾಲೆಯಲ್ಲಿ ಎರಡು ಮಕ್ಕಳಿಗೆ ದಡಾರ ಎದ್ದಿತು. ಸೂಜಿ ಅಕ್ಕ ಗಾಬರಿಯಾಗಲಿಲ್ಲ. ಮಗಳಿಗೆ ದಡಾರದ ಎರಡೂ ಡೋಸು ಅವಳೇ ಹಾಕಿದ್ದಳು, ಕಾರ್ಡಿನಲ್ಲಿ ಗುರುತೂ ಮಾಡಿದ್ದಳು. ಆ ವಾರ ರಕ್ತಕ್ಕೆಂದು ಆಸ್ಪತ್ರೆಗೆ ಹೋದಾಗ ಹೀಗೇ ಮಾತಿಗೆ ಅದನ್ನು ಹೇಳಿದಳು. ವಾರ್ಡಿನ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

"ಯಾವಾಗ ಹಾಕಿದ್ದು?"

"ಒಂಬತ್ತನೇ ತಿಂಗಳಿಗೊಂದು, ಒಂದೂವರೆ ವರ್ಷಕ್ಕೊಂದು."

"ಅಂದ್ರೆ ರಕ್ತ ಶುರುವಾದ ಮೇಲೆ."

ಸೂಜಿ ಅಕ್ಕನಿಗೆ ಆಗ ನೆನಪಾಯಿತು. ತರಬೇತಿಯ ಪುಸ್ತಕದಲ್ಲಿ ಆ ಸಾಲು ಇತ್ತು: ಈಚೆಗೆ ರಕ್ತ ಏರಿಸಿದ್ದಾರಾ, ಕೇಳಿ. ಬೇರೆ ತಾಯಂದಿರನ್ನು ಅವಳು ಕೇಳುತ್ತಲೂ ಇದ್ದಳು. ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಲಸಿಕೆ ಹಿಡಿದಿದೆಯೇ ಎಂದು ಮಾಡಿಸಿದ ಪರೀಕ್ಷೆಯ ವರದಿ ಬಂದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಹಿಡಿದಿಲ್ಲ. ದಡಾರದ ಲಸಿಕೆಯಲ್ಲಿರೋದು ಜೀವವಿರೋ ಬಡಕಲು ವೈರಸ್. ರಕ್ತ ಕೊಟ್ಟವರ ಮೈಯಲ್ಲಿ ದಡಾರ ತಡೆಯೋಕೆ ಇರೋ ಕಾವಲು ರಕ್ತದ ಜೊತೆ ಇವಳೊಳಗೂ ಬರತ್ತೆ. ಅದು ಲಸಿಕೇನ ಬಾಗಿಲಲ್ಲೇ ಹೊಡೆದುಹಾಕಿದೆ. ಲಸಿಕೆ ಹಿಡೀಬೇಕಂದ್ರೆ ರಕ್ತ ಏರಿಸಿ ಆರು ತಿಂಗಳು ಆಗಿರಬೇಕು."

"ಆರು ತಿಂಗಳು ರಕ್ತ ಬಿಟ್ರೆ ಮಗು ಎಲ್ಲಿ ಮೇಡಂ ಉಳಿಯತ್ತೆ? ಹೋಗಲಿ, ಆ ಕಾವಲೇ ಇವಳನ್ನ ಕಾಯಲ್ವಾ?"

"ಒಂದಿಷ್ಟು ಕಾಯಬಹುದು. ನೆಚ್ಚಿಕೊಂಡು ಕೂರೋ ಅಷ್ಟಲ್ಲ. ಒಂದು ದಾರಿ ಇದೆ. ರಕ್ತವನ್ನ ಉಪ್ಪುನೀರಲ್ಲಿ ತೊಳೆದು ಕೊಡಬಹುದು, ಕಾವಲೆಲ್ಲ ಹೊರಟುಹೋಗತ್ತೆ. ಆರು ತಿಂಗಳು ಹಾಗೆ ಕೊಟ್ಟು ಆಮೇಲೆ ಲಸಿಕೆ ಹಾಕೋಣ." ಕನ್ನಡಕ ತೆಗೆದು ಮತ್ತೆ ಹೇಳಿದರು: "ಆದ್ರೆ ಅಲ್ಲೀವರೆಗೆ ಆ ಒಂದಿಷ್ಟೂ ಇರಲ್ಲ. ಊರಲ್ಲಿ ದಡಾರ ಇದೆ. ನೀವೇ ಯೋಚನೆ ಮಾಡಿ."

ಅವಳು ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಇದ್ದ ಕಾವಲನ್ನು ಕಿತ್ತರೆ ಮಾತ್ರ ನಿಜವಾದ ಕಾವಲು. ಗಂಡ ವೆಲ್ಡಿಂಗ್ ಅಂಗಡಿಯಿಂದ ಬಂದವನು ಎಲ್ಲ ಕೇಳಿ, "ನಿನಗೆ ತಿಳಿದಷ್ಟು ನನಗೆ ತಿಳಿಯಲ್ಲ ಕಣೇ" ಎಂದು ಭಾರವನ್ನೆಲ್ಲ ಅವಳ ತಲೆಗೇ ಬಿಟ್ಟ. ಮೂರು ದಿನ ಬಿಟ್ಟು ಅವಳು ಒಪ್ಪಿಗೆಗೆ ಸಹಿ ಹಾಕಿದಳು.

ಚಿಟ್ಟಿಯ ಶಾಲೆ ನಿಂತಿತು. ಎರಡು ಕೋಣೆಯ ಮನೆ, ಬೀದಿಗೆ ಒಂದೇ ಕಿಟಕಿ. ಗೆಳತಿಯರು ಬಂದರೆ ಸೂಜಿ ಅಕ್ಕನ ಅತ್ತೆ ಬಾಗಿಲಿಂದಲೇ ಸಾಗಹಾಕುತ್ತಿದ್ದರು. ಚಿಟ್ಟಿ ಬೊಂಬೆಗಳನ್ನು ಸಾಲಾಗಿ ಕೂರಿಸಿ, "ನಿನಗೆ ತೊಳೆದ ರಕ್ತ, ಆಚೆ ಹೋಗಂಗಿಲ್ಲ. ನಿನಗೂ ಅಷ್ಟೇ, ಅಳಬೇಡ" ಎಂದು ದಬಾಯಿಸುತ್ತಿದ್ದಳು.

ಸೂಜಿ ಅಕ್ಕನಿಗೆ ಮಾತ್ರ ಮನೆಯಲ್ಲಿ ಕೂರುವಂತಿರಲಿಲ್ಲ. ರಜೆ ಕೇಳಿದಳು, ಇಂಥ ಹೊತ್ತಲ್ಲಿ ಲಸಿಕೆ ಹಾಕೋರೇ ರಜೆ ಹಾಕಿದ್ರೆ ಹೇಗಮ್ಮಾ ಎಂದರು ಮೇಲಿನವರು. ಅವಳಿಗೂ ಗೊತ್ತಿತ್ತು, ಬೀದಿಯ ಒಂದೊಂದು ಮಗುವಿಗೆ ಹಾಕಿದಷ್ಟೂ ರೋಗ ತನ್ನ ಮನೆಯಿಂದ ದೂರ. ಆದರೆ ದಡಾರ ಎದ್ದ ಮನೆಗಳಿಗೇ ಹೋಗಿ ಬರಬೇಕು. ಕಾವಲಿರುವ ಅವಳ ಮೈಗೆ ಅದು ಅಂಟುವುದಿಲ್ಲ, ಅವಳು ಹೊತ್ತು ತರುವುದೂ ಇಲ್ಲ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಮನಸ್ಸು ಕೇಳದು. ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೂ ಮಗಳನ್ನು ಮುಟ್ಟಲು ಕೈ ಹಿಂಜರಿಯುತ್ತಿತ್ತು. "ಊರ ಮಕ್ಕಳನ್ನೆಲ್ಲ ಎತ್ಕೋತೀಯ, ನನ್ನನ್ನ ಮಾತ್ರ ಇಲ್ಲ" ಎಂದು ಚಿಟ್ಟಿ ಮುಖ ತಿರುಗಿಸಿದ ದಿನ ಸೂಜಿ ಅಕ್ಕ ಊಟ ಮಾಡಲಿಲ್ಲ.

ಕೊನೆಯ ಬೀದಿಯಲ್ಲಿ ಒಬ್ಬ ಬಡಗಿ ಬಾಗಿಲಿಗೆ ಅಡ್ಡ ನಿಂತ. "ನಿಮ್ಮ ಮಗೂಗೇ ಹಾಕ್ಸಿಲ್ವಂತೆ. ನಮ್ಮ ಮಗು ಮೇಲೆ ಯಾಕಮ್ಮಾ ನಿಮ್ಮ ಪ್ರಯೋಗ?"

"ಹಾಕಿದೆ ಅಣ್ಣ, ಹಿಡೀಲಿಲ್ಲ. ನಿಮ್ಮ ಮಗೂಗೆ ಹಿಡಿಯತ್ತೆ. ನನಗೆ ಇಲ್ಲದ ಭಾಗ್ಯ ನಿಮಗಿದೆ, ಕಾಲಲ್ಲಿ ಒದೀಬೇಡಿ."

ಅವನು ಬಾಗಿಲು ಹಾಕಿಕೊಂಡ. ಹತ್ತು ದಿನಕ್ಕೆ ಆ ಮಗುವಿಗೆ ದಡಾರ ಎದ್ದಿತು. ಬದುಕಿಕೊಂಡಿತು, ಆದರೆ ಒಂದು ಕಿವಿ ಮಂದವಾಯಿತು. ಅವನು ಬಾಗಿಲು ಹಾಕಿಕೊಂಡದ್ದನ್ನು ಸೂಜಿ ಅಕ್ಕ ಎಲ್ಲೂ ಆಡಲಿಲ್ಲ. ಬಡಗಿಯ ಹೆಂಡತಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತು ಬಂದಳು.

ನಾಲ್ಕನೇ ತಿಂಗಳಲ್ಲಿ ಚಿಟ್ಟಿಗೆ ಜ್ವರ. ಕೆಮ್ಮು, ಕೆಂಪು ಕಣ್ಣು. ಸೂಜಿ ಅಕ್ಕ ಟಾರ್ಚು ಹಿಡಿದು ಮಗಳ ಕೆನ್ನೆಯ ಒಳಗೆ ದಡಾರದ ಮೊದಲ ಗುರುತಾದ ಬಿಳಿ ಚುಕ್ಕೆ ಹುಡುಕಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಹುಡುಕಿದಳು. ಎರಡು ದಿನ ಅದೇ ಕೆಲಸ. ಮೂರನೇ ದಿನ ಜ್ವರ ಇಳಿಯಿತು, ಬರೀ ನೆಗಡಿ. ಅತ್ತೆ ಟಾರ್ಚನ್ನು ಕಿತ್ತುಕೊಂಡು, "ಸಾಕು ಬಿಡೇ, ಮಗೂಗೆ ಬಾಯಿ ನೋವು ಬರತ್ತೆ" ಎಂದು ಗದರಿ, ತಾವೇ ಅತ್ತರು.

ಆರು ತಿಂಗಳು ತುಂಬಿತು. ಮಗಳಿಗೆ ತಾನೇ ಹಾಕಲು ಅವಳಿಗೆ ಧೈರ್ಯ ಸಾಲಲಿಲ್ಲ. ಕೇಂದ್ರದ ಹಿರಿಯ ನರ್ಸು ಹಾಕಿದರು. ಇವಳು ಉಳಿದ ತಾಯಂದಿರ ಹಾಗೆ ಮಗಳನ್ನು ತೊಡೆಯ ಮೇಲೆ ಬಿಗಿಹಿಡಿದು, ಸೂಜಿ ಇಳಿಯುವಾಗ ಕಣ್ಣು ಮುಚ್ಚಿಕೊಂಡಳು. ತೊಳೆದ ರಕ್ತವನ್ನೇ ಮುಂದುವರಿಸಿ ಎರಡು ತಿಂಗಳ ಮೇಲೆ ಪರೀಕ್ಷೆಯಾಯಿತು. ಡಾಕ್ಟರಮ್ಮ ವರದಿಯ ಮೇಲೆ ಬೆರಳಿಟ್ಟರು. "ದಡಾರದ ಲಸಿಕೆ ಹಿಡಿದಿದೆ, ಶಾಲೆಗೆ ಕಳಿಸಿ." ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಹೆಪಟೈಟಿಸ್ ಬಿ ಲಸಿಕೆಯ ಕಾವಲು ಕಮ್ಮಿಯಾಗಿದೆ. ಇಷ್ಟು ಜನರ ರಕ್ತ ತಗೊಳ್ಳೋ ಮಗು, ಅದನ್ನ ಬಿಡೋ ಹಾಗಿಲ್ಲ. ಇನ್ನೊಂದು ಹಾಕ್ಬೇಕು, ವರ್ಷ ವರ್ಷ ನೋಡ್ತಿರಬೇಕು. ಇದು ಜೀವವಿರೋ ಲಸಿಕೆ ಅಲ್ಲ, ಇದಕ್ಕೆ ರಕ್ತ ಅಡ್ಡಿ ಬರಲ್ಲ."

"ಇವತ್ತೇನಾ?" ಎಂದಳು ಚಿಟ್ಟಿ.

"ಇವತ್ತೇ."

ಮಗಳು ತೋಳು ಮೇಲೆ ಸರಿಸಿ ಅಮ್ಮನ ಕಡೆ ತಿರುಗಿದಳು. "ನೀನೇ ಹಾಕು. ಆ ಆಂಟಿ ಹಾಕಿದ್ರೆ ನೋಯತ್ತೆ."

ಸೂಜಿ ಅಕ್ಕ ಕೈ ತೊಳೆದುಕೊಂಡು ಬಂದು ಹಾಕಿದಳು. ಮಾರನೆಯ ದಿನ ಚಿಟ್ಟಿ ಶಾಲೆಗೆ ಹೋದಳು. ಮುಂದಿನ ರಕ್ತಕ್ಕೆ ಇನ್ನು ಹದಿನೆಂಟು ದಿನವಿತ್ತು.